ಚಳ್ಳಕೆರೆ ರನ್‌ವೇ ಮೇಲೆ ಮೂರು ಥರದ ರೆಕ್ಕೆ

ಎಲ್ರಿಗೂ ನಮಸ್ಕಾರ. ಚಿತ್ರದುರ್ಗದಲ್ಲಿ ನಿಂತು ವಿಮಾನದ ಬಗ್ಗೆ ಮಾತಾಡೋದು ಅಂದ್ರೆ ನಂಗೆ ನಿಜವಾಗ್ಲೂ ಖುಷಿ. ನಮ್ಮ ಜಿಲ್ಲೇಲಿ ಟಿಕೆಟ್ ತಗೊಂಡು ಹತ್ತೋ ವಿಮಾನ ಒಂದೂ ಇಲ್ಲ, ಆದ್ರೆ ದೇಶದಲ್ಲಿ ಹೊಸದಾಗಿ ಹುಟ್ಟೋ ಎಷ್ಟೋ ವಿಮಾನ ಮೊದ್ಲು ರೆಕ್ಕೆ ಬಿಚ್ಚೋದೇ ನಮ್ಮ ಚಳ್ಳಕೆರೆ ತಾಲೂಕಲ್ಲಿ, ರಕ್ಷಣಾ ಸಂಶೋಧನೆ ಮಾಡೋ ಡಿಆರ್‌ಡಿಒದವರ ಏರೋನಾಟಿಕಲ್ ಟೆಸ್ಟ್ ರೇಂಜ್‌ನಲ್ಲಿ, ಅಂದ್ರೆ ವಿಮಾನ ಪರೀಕ್ಷೆ ಮಾಡೋ ಜಾಗದಲ್ಲಿ.

ಹುಡುಗ್ರು ನನ್ನ ಹತ್ರ ಬಂದು ಯಾವಾಗ್ಲೂ ಕೇಳೋ ಪ್ರಶ್ನೆ ಒಂದೇ. ಸಾರ್, ಯಾವ ವಿಮಾನ ಬೆಸ್ಟ್, ರಫೇಲಾ, ಎಫ್-35ಆ, ಸುಖೋಯ್‌ಆ ಅಂತ. ನಾನು ತಿರುಗಿ ಕೇಳ್ತೀನಿ, ಯಾವ ಕೆಲಸಕ್ಕಪ್ಪಾ? ಕೆಲಸ ಹೇಳ್ದೆ ಬೆಸ್ಟ್ ಅನ್ನೋಕೆ ಆಗಲ್ಲ, ಯಾಕಂದ್ರೆ ಡಿಸೈನ್ ಮಾಡೋನು ಒಂದನ್ನ ಪಡೀಬೇಕಾದ್ರೆ ಇನ್ನೊಂದನ್ನ ಬಿಟ್ಟುಕೊಡ್ಲೇಬೇಕು, ಏನನ್ನ ಬಿಟ್ಟುಕೊಟ್ಟ ಅನ್ನೋದು ವಿಮಾನದ ಮೈಮೇಲೇ ಕಾಣುತ್ತೆ, ಅದನ್ನ ಓದೋದನ್ನ ಕಲೀಬೇಕು ಅಷ್ಟೇ. ಅದಕ್ಕೆ ನಮ್ಮ ಚಳ್ಳಕೆರೆ ರನ್‌ವೇಗಿಂತ ಒಳ್ಳೆ ಪಾಠದ ಪುಸ್ತಕ ಬೇಕಿಲ್ಲ.

ಮೊದಲ್ನೇದು ರುಸ್ತುಂ-2, ಪೈಲಟ್ ಇಲ್ಲದೆ ಹಾರೋ ಡ್ರೋನ್, ಆಮೇಲೆ ತಪಸ್ ಅಂತ ಹೆಸರಾಯ್ತಲ್ಲ, ಅದು. 2016ರ ನವೆಂಬರ್‌ನಲ್ಲಿ ಮೊದಲ ಸಲ ಹಾರಿದ್ದು ಇಲ್ಲೇ. ಅದರ ಫೋಟೋ ನೋಡಿ, ಸಣ್ಣ ಮೈ, ರೆಕ್ಕೆ ಮಾತ್ರ ತುದಿಯಿಂದ ತುದಿಗೆ 20 ಮೀಟರ್‌ಗೂ ಜಾಸ್ತಿ, ಉದ್ದ, ತೆಳ್ಳಗೆ. ಯಾಕೆ ಅಂದ್ರೆ ಇದರ ಕೆಲಸ ಗಂಟೆಗಟ್ಲೆ ಮೇಲೇ ಇದ್ದು ಕೆಳಗೆ ನೋಡ್ತಾ ಇರೋದು. ರೆಕ್ಕೆ ಕೆಳಗಿನ ಗಾಳಿ ಒತ್ತಡ ಜಾಸ್ತಿ, ಮೇಲಿನದು ಕಮ್ಮಿ, ಹಂಗಾಗಿ ಕೆಳಗಿನ ಗಾಳಿ ರೆಕ್ಕೆ ತುದೀಲಿ ಮೇಲಕ್ಕೆ ನುಗ್ಗಿ ಸುಳಿ ಆಗುತ್ತೆ, ಆ ಸುಳಿ ವಿಮಾನವನ್ನ ಹಿಂದಕ್ಕೆ ಎಳೆಯುತ್ತೆ, ಇಂಧನ ತಿನ್ನುತ್ತೆ. ರೆಕ್ಕೆ ಉದ್ದ ಆದಷ್ಟೂ ಈ ನಷ್ಟ ಕಮ್ಮಿ. ಅಮೆರಿಕದ ಯು-2 ಬೇಹುಗಾರಿಕೆ ವಿಮಾನಾನೂ ಇದೇ ಲೆಕ್ಕ, 1955ರಲ್ಲಿ ಹಾರಿದ್ದು, ಗ್ಲೈಡರ್ ಥರ ರೆಕ್ಕೆ, 70,000 ಅಡಿ ಎತ್ತರ. ಆದ್ರೆ ಅಂಥ ರೆಕ್ಕೆ ಇಟ್ಕೊಂಡು ಜೋರಾಗಿ ಓಡೋಕಾಗಲ್ಲ, ಗಕ್ಕನೆ ತಿರುಗೋಕಾಗಲ್ಲ. ತಪಸ್ 28,000 ಅಡಿ ಏರಿತು, 18 ಗಂಟೆ ಹಾರಿತು, ಸೇನೆ ಕೇಳಿದ್ದು 30,000 ಅಡಿ, 24 ಗಂಟೆ. ನಡುವೆ ನಮ್ಮ ಹೊಲಗಳಲ್ಲಿ ಬಿದ್ದಿದ್ದೂ ಉಂಟು, 2019ರಲ್ಲಿ ಚಳ್ಳಕೆರೆ ಕಡೆ, 2023ರಲ್ಲಿ ಹಿರಿಯೂರು ತಾಲೂಕಲ್ಲಿ, ಜನ ಮೊಬೈಲ್ ಹಿಡ್ಕೊಂಡು ಓಡಿಹೋಗಿ ವಿಡಿಯೋ ಮಾಡಿದ್ರು. ಬಿತ್ತು ಅಂತ ನಗೋದು ಬೇಡ, ಟೆಸ್ಟ್ ರೇಂಜ್ ಇರೋದೇ ಅದಕ್ಕೆ, ಪೈಲಟ್ ಇಲ್ಲದ ವಿಮಾನ ಇಲ್ಲಿ ಬಿದ್ರೆ ಮುಂದೆ ಗಡೀಲಿ ಬೀಳಲ್ಲ.

ಈಗ ಅದೇ ರನ್‌ವೇಗೆ ಇಳಿದ ಇನ್ನೊಂದನ್ನ ನೋಡಿ. ಇಸ್ರೋದ ಪುಷ್ಪಕ್. ಬಾಹ್ಯಾಕಾಶಕ್ಕೆ ಹೋಗಿ ವಾಪಸ್ ಬಂದು ವಿಮಾನದ ಥರ ಇಳಿಯೋ ವಾಹನಕ್ಕೆ ಇದು ಪರೀಕ್ಷಾ ಮಾದರಿ. 2023ರ ಏಪ್ರಿಲ್, 2024ರ ಮಾರ್ಚ್, ಮತ್ತೆ ಜೂನ್, ಮೂರು ಸಲ ಇಲ್ಲೇ ಇಳಿಸಿದ್ರು. ಇದರ ರೆಕ್ಕೆ ತಪಸ್‌ಗೆ ಪೂರ್ತಿ ಉಲ್ಟಾ, ಮೋಟು, ತ್ರಿಕೋನ, ಯಾಕಂದ್ರೆ ಶಬ್ದಕ್ಕಿಂತ ಎಷ್ಟೋ ಪಟ್ಟು ವೇಗದಲ್ಲಿ ವಾತಾವರಣಕ್ಕೆ ನುಗ್ಗೋವಾಗ ಉದ್ದ ತೆಳ್ಳನೆ ರೆಕ್ಕೆ ಇದ್ರೆ ಆ ಬಿಸಿಗೆ, ಆ ಒತ್ತಡಕ್ಕೆ ಉಳಿಯಲ್ಲ. ಆದ್ರೆ ಅದಕ್ಕೆ ಬೆಲೆ ಇಳಿಯೋವಾಗ ಕೊಡ್ಬೇಕು. ಮೋಟು ರೆಕ್ಕೆ ನಿಧಾನ ವೇಗದಲ್ಲಿ ಎತ್ತಿ ಹಿಡಿಯಲ್ಲ, ಹಂಗಾಗಿ ಜೋರಾಗೇ ಇಳೀಬೇಕು. ಸಾಮಾನ್ಯ ಪ್ಯಾಸೆಂಜರ್ ವಿಮಾನ ಗಂಟೆಗೆ ಸುಮಾರು 260 ಕಿಲೋಮೀಟರ್‌ನಲ್ಲಿ ನೆಲ ಮುಟ್ಟುತ್ತೆ, ಫೈಟರ್ 280, ಪುಷ್ಪಕ್ ಮುಟ್ಟಿದ್ದು 320ಕ್ಕಿಂತ ಮೇಲೆ. ಮುಟ್ಟಿದ ಮೇಲೆ ಹಿಂದೆ ಪ್ಯಾರಾಚೂಟ್ ಬಿಚ್ಚಿ ವೇಗ ನೂರರ ಹತ್ರಕ್ಕೆ ತಂದು ಆಮೇಲೆ ಬ್ರೇಕ್ ಹಾಕೋದು. ಎಂಜಿನ್ ಇಲ್ಲ, ಪೈಲಟ್ ಇಲ್ಲ, ಒಂದ್ಸಲ ತಪ್ಪಿದ್ರೆ ಮತ್ತೆ ಸುತ್ತು ಹೊಡ್ಕೊಂಡು ಬರೋ ಚಾನ್ಸ್ ಇಲ್ಲ. ಮೂರನೇ ಪರೀಕ್ಷೇಲಿ ಬೇಕಂತಲೇ ರನ್‌ವೇ ನೇರದಿಂದ 500 ಮೀಟರ್ ಪಕ್ಕಕ್ಕೆ ಬಿಟ್ಟರು, ಅದೇ ತಾನಾಗಿ ದಾರಿ ಸರಿ ಮಾಡ್ಕೊಂಡು ನಡು ಗೆರೆಗೆ ಬಂದು ಇಳೀತು. ನಂಗೆ ಇದು ನಮ್ಮ ಕಾಲದ ದೊಡ್ಡ ಸಾಧನೆ ಅನ್ಸುತ್ತೆ, ನಮ್ಮೂರ ಪಕ್ಕದಲ್ಲೇ ಆಯ್ತಲ್ಲ ಅಂತ ಹೆಮ್ಮೇನೂ ಐತೆ.

ಅದನ್ನ ನಾಲ್ಕೂವರೆ ಕಿಲೋಮೀಟರ್ ಎತ್ತರಕ್ಕೆ ಹೊತ್ತುಕೊಂಡು ಹೋಗಿ ಬಿಟ್ಟಿದ್ದು ವಾಯುಪಡೆಯ ಚಿನೂಕ್ ಹೆಲಿಕಾಪ್ಟರ್. ಅದರ ಆಕಾರಾನೂ ನೋಡಿ, ಮುಂದೊಂದು ಹಿಂದೊಂದು ದೊಡ್ಡ ಫ್ಯಾನು, ಒಂದು ಈ ಕಡೆ ತಿರುಗಿದ್ರೆ ಇನ್ನೊಂದು ಆ ಕಡೆ. ಬಾಲದಲ್ಲಿ ಸಣ್ಣ ಫ್ಯಾನ್ ಬೇಕಾಗಿಲ್ಲ, ಎಂಜಿನ್ ಶಕ್ತಿ ಹೆಚ್ಚುಕಮ್ಮಿ ಪೂರ್ತಿ ಎತ್ತೋದಕ್ಕೇ ಹೋಗುತ್ತೆ. ಹೊಟ್ಟೆ ಕೆಳಗೆ ಭಾರ ನೇತಾಕೋ ಕೆಲಸಕ್ಕೆ ಹೇಳಿ ಮಾಡಿಸಿದಂಗೈತೆ.

ಮೂರನೇದು 2022ರ ಜುಲೈ 1ಕ್ಕೆ ಇಲ್ಲಿ ಮೊದಲು ಹಾರಿದ ಫ್ಲೈಯಿಂಗ್ ವಿಂಗ್. ಮೈಯೇ ರೆಕ್ಕೆ, ಅದು ಬಿಟ್ರೆ ಏನಿಲ್ಲ, 2023ರ ಡಿಸೆಂಬರ್‌ನಲ್ಲಿ ಮತ್ತೆ ಹಾರಿಸಿದಾಗ ಹಿಂದೆ ಬಾಲಾನೂ ಇಲ್ಲ. ನೆಟ್ಟಗೆ ನಿಂತ ಬಾಲ ರಾಡಾರ್ ಅಲೆಯನ್ನ ವಾಪಸ್ ಕಳಿಸುತ್ತೆ, ಅದನ್ನ ತೆಗೆದ್ರೆ ಶತ್ರು ಕಣ್ಣಿಗೆ ಬೀಳೋದು ಕಷ್ಟ. ಅಮೆರಿಕದ ಬಿ-2 ಬಾಂಬರ್ ಇದೇ ಆಕಾರ. ಆದ್ರೆ ಬಾಲ ತೆಗೆದ ವಿಮಾನ ನೆಟ್ಟಗೆ ಹಾರೋಕೆ ಒಪ್ಪಲ್ಲ, ಅಂಗೈ ಮೇಲೆ ಕೋಲು ನಿಲ್ಸೋ ಹುಡುಗ ಕ್ಷಣ ಕ್ಷಣಕ್ಕೂ ಕೈ ಅಲ್ಲಾಡಿಸ್ತಾನಲ್ಲ, ಹಂಗೆ ಕಂಪ್ಯೂಟರ್ ಸರಿ ಮಾಡ್ತಾನೇ ಇರ್ಬೇಕು. ನಮ್ಮ ಫೈಟರ್ ತೇಜಸ್‌ನಲ್ಲೂ ಬೇಕಂತಲೇ ಸ್ಥಿರತೆ ಕಮ್ಮಿ ಮಾಡವ್ರೆ, ಗಕ್ಕನೆ ತಿರುಗೋದಕ್ಕೆ.

ಇಲ್ಲಿ ಒಂದು ಮಾತು ಹೇಳ್ದೆ ಮುಂದೆ ಹೋಗೋಕಾಗಲ್ಲ. ಈ ರೇಂಜ್ ಬಂದಿರೋ ಜಾಗ ಅಮೃತ್ ಮಹಲ್ ಕಾವಲು. ದನ ಕುರಿ ಮೇಯಿಸ್ತಿದ್ದ ಸುತ್ತಲ ಹಳ್ಳಿ ಜನಕ್ಕೆ ಹುಲ್ಲುಗಾವಲಿನ ದಾರಿ ಮುಚ್ಚಿಹೋಯ್ತು. ದೇಶಕ್ಕೆ ವಿಮಾನ ಬೇಕು, ಒಪ್ತೀನಿ, ಆದ್ರೆ ಅವರು ಬಿಟ್ಟುಕೊಟ್ಟಿದ್ದೂ ಈ ಲೆಕ್ಕದಲ್ಲಿ ಸೇರ್ಬೇಕು.

ಈಗ ನನ್ನ ಮನಸ್ಸಿಗೆ ತುಂಬಾ ಹತ್ತಿರದ ವಿಮಾನಕ್ಕೆ ಬರ್ತೀನಿ, ಮಾರುತ್. ಎಚ್‌ಎಫ್-24, ನಮ್ಮ ದೇಶದಲ್ಲೇ ಕಟ್ಟಿದ ಫೈಟರ್. ಜರ್ಮನಿಯ ವಿಮಾನ ಡಿಸೈನರ್ ಕುರ್ಟ್ ಟ್ಯಾಂಕ್ ಬೆಂಗಳೂರಿಗೆ ಬಂದು ನಮ್ಮ ಎಚ್‌ಎಎಲ್ ಇಂಜಿನಿಯರ್‌ಗಳ ಜೊತೆ ಕೂತು ಡಿಸೈನ್ ಮಾಡಿದ್ದು, 1961ರ ಜೂನ್ 17ಕ್ಕೆ ಹಾರಿತು. ಅಂದ್ಕೊಂಡಿದ್ದು ಶಬ್ದದ ಎರಡು ಪಟ್ಟು ವೇಗ, ಆದ್ರೆ ಬೇಕಾಗಿದ್ದ ಜೋರಾದ ಎಂಜಿನ್ ಸಿಗಲೇ ಇಲ್ಲ, ಕೊನೆಗೆ ಪುಟ್ಟ ನ್ಯಾಟ್ ವಿಮಾನದ ಜಾತಿಯ ಆರ್ಫಿಯಸ್ ಎಂಜಿನ್ ಎರಡು ಹಾಕಿ ಸುಧಾರಿಸಿದ್ರು, ವೇಗ ಶಬ್ದದ ವೇಗದ ಆಸುಪಾಸಿಗೇ ನಿಂತುಹೋಯ್ತು. ಇದನ್ನ ಫೇಲ್ ಅಂತ ಬರೆಯೋರು ತುಂಬಾ ಜನ. ನಾನು ಒಪ್ಪಲ್ಲ. ಎತ್ತರದಲ್ಲಿ ಹೊಡೆದಾಡೋ ಕೆಲಸಕ್ಕೆ ಆಗದ ಮೈ, ನೆಲಕ್ಕೆ ಹತ್ರ ಹಾರಿ ಟ್ಯಾಂಕ್, ರೈಲು, ಮದ್ದುಗುಂಡಿನ ಗೋದಾಮು ಹೊಡೆಯೋ ಕೆಲಸಕ್ಕೆ ಹೇಳಿ ಮಾಡಿಸಿದಂಗಿತ್ತು, ಗಟ್ಟಿ ಮೈ, ಕೆಳಗೆ ಹಾರೋವಾಗ ಅಲ್ಲಾಡ್ದೆ ಇರೋ ಸ್ವಭಾವ, ಮೂತೀಲಿ ನಾಲ್ಕು 30 ಮಿಲಿಮೀಟರ್ ಗನ್. 1971ರ ಯುದ್ಧದಲ್ಲಿ ರಾಜಸ್ಥಾನದ ಕಡೆ ಅದೇ ಕೆಲಸ ಮಾಡ್ತು, ಒಂದು ಎಂಜಿನ್ ಹೋದ್ರೂ ಇನ್ನೊಂದರ ಮೇಲೆ ಪೈಲಟ್‌ನ ಮನೆಗೆ ತಂದು ಮುಟ್ಟಿಸ್ತು, ಪೈಲಟ್‌ಗಳಿಗೆ ವೀರಚಕ್ರ ಬಂತು. ಒಟ್ಟು 147 ಕಟ್ಟಿದ್ರು. ಡಿಸೈನ್ ತಪ್ಪಿರಲಿಲ್ಲ, ಎಂಜಿನ್ ತಪ್ಪಿತು, ಇವತ್ತಿಗೂ ತೇಜಸ್‌ಗೆ ನಾವು ಅಮೆರಿಕದ ಎಂಜಿನ್‌ಗೆ ಕಾಯ್ತಾ ಕೂರೋದು ನೋಡಿದ್ರೆ ಹೊಟ್ಟೆ ಉರಿಯುತ್ತೆ.

ಎತ್ತರದ ಜಾಗದ ವಿಷಯ ಬೇಗ ಮುಗಿಸ್ತೀನಿ. ಲಡಾಖ್‌ನಲ್ಲಿ ಗಾಳಿ ತೆಳು, ರೆಕ್ಕೆಗೂ ಹಿಡಿತ ಸಿಗಲ್ಲ, ಎಂಜಿನ್‌ಗೂ ಉಸಿರು ಸಾಲಲ್ಲ. ಅದಕ್ಕೇ ಸೇನೆಗೆ ಸಾಮಾನು ಸಾಗಿಸೋ ಎಎನ್-32 ವಿಮಾನಕ್ಕೆ ಅಷ್ಟು ದೊಡ್ಡ ಎಂಜಿನ್, ಅದೂ ರೆಕ್ಕೆ ಮೇಲ್ಗಡೆ. ಅದೇ ಕೆಲಸದ ಇನ್ನೊಂದು ವಿಮಾನ ಸಿ-130ಜೆ 2013ರಲ್ಲಿ ದೌಲತ್ ಬೇಗ್ ಓಲ್ಡಿಯಲ್ಲಿ 16,614 ಅಡಿ ಎತ್ತರದಲ್ಲಿ ಇಳೀತು. ಕಾರ್ಗಿಲ್‌ನಲ್ಲಿ ಬೆಟ್ಟದ ನೆತ್ತಿ ಮೇಲಿದ್ದ ಶತ್ರುವನ್ನ ಹೊಡೆಯೋಕೆ ತಕ್ಕ ಹೆಲಿಕಾಪ್ಟರ್ ಇಲ್ದೆ ಕಷ್ಟಪಟ್ಟಿದ್ದರಿಂದಾನೇ ನಮ್ಮ ಪ್ರಚಂಡ್ ಹುಟ್ಟಿದ್ದು, 2022ರ ಅಕ್ಟೋಬರ್‌ನಲ್ಲಿ ವಾಯುಪಡೆ ಸೇರಿತು.

ಜನ ಹತ್ತೋ ವಿಮಾನದಲ್ಲೂ ಇದೇ ಕಥೆ. 1969ರಲ್ಲಿ ಒಂದೇ ತಿಂಗಳ ಅಂತರದಲ್ಲಿ ಎರಡು ವಿಮಾನ ಹಾರಿದವು, ಫೆಬ್ರವರಿ 9ಕ್ಕೆ ಬೋಯಿಂಗ್ 747, ಮಾರ್ಚ್ 2ಕ್ಕೆ ಶಬ್ದಕ್ಕಿಂತ ಜೋರಾಗಿ ಹಾರೋ ಕಾಂಕಾರ್ಡ್. ಮುಂದೆಲ್ಲಾ ಶಬ್ದಾತೀತ ವಿಮಾನಾನೇ ಜನರನ್ನ ಹೊರುತ್ತೆ, 747 ಕೊನೆಗೆ ಸರಕು ಹೊರಬೇಕಾಗುತ್ತೆ ಅಂತ ಅಂದಾಜು ಮಾಡಿದ್ರು, ಅದಕ್ಕೇ ಮೂತಿ ಬಾಗಿಲು ಮೇಲಕ್ಕೆ ತೆಗೆದು ಸರಕು ತುಂಬೋಕೆ ಅಂತ ಪೈಲಟ್ ಜಾಗವನ್ನ ಮೇಲೆ ಇಟ್ರು, 747ರ ತಲೆ ಮೇಲಿನ ಆ ಡುಬ್ಬ ಅದರಿಂದಾನೇ ಬಂದಿದ್ದು. ಆಗಿದ್ದು ಉಲ್ಟಾ. ನೂರೇ ಜನರನ್ನ ಹೊತ್ತು ಇಂಧನ ಕುಡೀತಿದ್ದ ಕಾಂಕಾರ್ಡ್ 20 ಕಟ್ಟಿ ನಿಂತಿತು, 2003ರಲ್ಲಿ ಸೇವೇನೂ ಮುಗೀತು. 747 ಒಂದೂವರೆ ಸಾವಿರಕ್ಕೂ ಜಾಸ್ತಿ ಆಯ್ತು.

ಕೊನೇದಾಗಿ, ದಾವಣಗೆರೆ ಕಡೆಯಿಂದ ಬಂದಿರೋರು ಇದೀರಿ. ನಮಗೂ ಏರ್‌ಪೋರ್ಟ್ ಬೇಕು, ದೊಡ್ಡ ಜೆಟ್ ಬರ್ಬೇಕು ಅನ್ನೋ ಮಾತು ಆಗಾಗ ಕೇಳ್ತಿರ್ತೀನಿ. ಶಿವಮೊಗ್ಗಕ್ಕೆ 2023ರಲ್ಲಿ ಮೊದಲು ಬಂದ ಪ್ಯಾಸೆಂಜರ್ ವಿಮಾನ ಯಾವುದು ಗೊತ್ತಾ, ಎಟಿಆರ್-72, ಪ್ರೊಪೆಲ್ಲರ್ ಇರೋದು. ಹಳೇ ಕಾಲದ್ದು ಅಂತ ಮೂಗು ಮುರೀತಾರೆ ಜನ, ಆದ್ರೆ ಬೆಂಗಳೂರಿಂದ ಇಲ್ಲಿಗಿರೋ ದೂರಕ್ಕೆ ಜೆಟ್ ಮೇಲೇರಿ ಸುಧಾರಿಸ್ಕೊಳ್ಳೋ ಹೊತ್ತಿಗೆ ಇಳಿಯೋ ಟೈಮ್ ಆಗಿರುತ್ತೆ, ಇಂಧನ ದಂಡ. ಎಟಿಆರ್ 70 ಚಿಲ್ಲರೆ ಜನರನ್ನ ಕಮ್ಮಿ ಇಂಧನದಲ್ಲಿ, ಚಿಕ್ಕ ರನ್‌ವೇಗೂ ತಂದು ಇಳಿಸುತ್ತೆ. ಹಂಗಾಗಿ ಮುಂದೆ ಏರ್‌ಪೋರ್ಟ್ ಬಗ್ಗೆ ಮೀಟಿಂಗ್ ಏನಾದ್ರೂ ಆದ್ರೆ, ರನ್‌ವೇ ಎಷ್ಟು ಉದ್ದ ಅನ್ನೋಕೆ ಮುಂಚೆ, ಯಾವ ವಿಮಾನಕ್ಕೆ, ದಿನಕ್ಕೆ ಎಷ್ಟು ಜನಕ್ಕೆ, ಅದಕ್ಕೆ ಯಾರ ಹೊಲ ಎಷ್ಟು ಹೋಗುತ್ತೆ ಅಂತ ಎದ್ದು ನಿಂತು ಕೇಳ್ರಿ. ಈಗ ನಿಮ್ಮ ಪ್ರಶ್ನೆ ಇದ್ರೆ ತಗೊಳ್ತೀನಿ, ಹಿಂದಿನ ಸಾಲಲ್ಲಿರೋ ಮಕ್ಕಳು ಮೊದ್ಲು ಕೇಳ್ಲಿ.