ಕಣ್ಣೀರು ಕೊನೆಗೆ ಬರಲಿ

ಕೇಳುಗರೆಲ್ಲರಿಗೂ ನಮಸ್ಕಾರ.

ಹಳೆಯ ಪ್ರೇಮಕಥೆಯ ಚಿತ್ರಗಳ ಮಾತು ಬಂದರೆ ಸಾಕು, ನಮ್ಮ ಕಾಸರಗೋಡಿನ ಮನೆಗಳಲ್ಲಿ ಹಿರಿಯರು ನಾಯಕಿ ಎಷ್ಟು ಅತ್ತಳು, ನೋಡಿದವರ ಸೆರಗು ಎಷ್ಟು ಒದ್ದೆಯಾಯಿತು ಎಂಬುದನ್ನೇ ಹೇಳತೊಡಗುತ್ತಾರೆ. ಸೆರಗು ಒದ್ದೆಯಾದದ್ದು ಕಥೆಯಿಂದಲೋ ಅಭಿನಯದಿಂದಲೋ ಎಂದು ಮಾತ್ರ ಯಾರೂ ಕೇಳಿಕೊಳ್ಳುವುದಿಲ್ಲ. ನಾನು ಇಂದು ಹೇಳಬೇಕೆಂದಿರುವುದು ಒಂದೇ ಮಾತು: ಒಳ್ಳೆಯ ನಟರಲ್ಲಿ ಕಣ್ಣೀರು ಕೊನೆಗೆ ಬರುತ್ತದೆ. ನಾಟ್ಯಶಾಸ್ತ್ರದ ಭರತನು ಹೇಳಿದ 8 ಸಾತ್ತ್ವಿಕ ಭಾವಗಳಲ್ಲಿ, ಎಂದರೆ ಮನಸ್ಸಿನೊಳಗಿನದು ಮೈಯಲ್ಲಿ ತೋರುವ ಬಗೆಗಳಲ್ಲಿ, ಅಶ್ರು ಅಥವಾ ಕಣ್ಣೀರು ಒಂದು ಮಾತ್ರ, ಅದೂ ಏಳನೆಯದು. ಮೈ ಮರಗಟ್ಟುವ ಸ್ತಂಭ, ಬೆವರುವ ಸ್ವೇದ, ರೋಮಾಂಚ, ದನಿ ಒಡೆಯುವ ಸ್ವರಭೇದ, ನಡುಗುವ ಕಂಪ, ಮುಖದ ಬಣ್ಣಗೆಡುವ ವೈವರ್ಣ್ಯಗಳೆಲ್ಲ ಅದಕ್ಕಿಂತ ಮೊದಲೇ ಬರುತ್ತವೆ.

ಇದು ನನಗೆ ಮನದಟ್ಟಾದದ್ದು ಪುಸ್ತಕದಿಂದಲ್ಲ, ಕುಂಬಳೆ ಕಡೆಯ ಯಕ್ಷಗಾನದ ಒಬ್ಬ ಹಿರಿಯ ಸ್ತ್ರೀವೇಷಧಾರಿಯಿಂದ. ಆಟ ಮುಗಿದ ಮೇಲೆ ಚೌಕಿಯಲ್ಲಿ, ಎಂದರೆ ವೇಷ ಕಟ್ಟುವ ಜಾಗದಲ್ಲಿ, ಬಣ್ಣ ತೆಗೆಯುತ್ತಿದ್ದ ಅವರನ್ನು, ದಮಯಂತಿಯ ಪಾತ್ರದಲ್ಲಿ ನೀವು ಅಳದೆ ಇದ್ದರೂ ಸಭೆಯೆಲ್ಲ ಅಳುವುದು ಹೇಗೆ ಎಂದು ಕೇಳಿದೆ. ಅವರು ಉತ್ತರ ಕೊಡದೆ ಚಾಪೆಯ ಮೇಲೆ ಹಾಗೆಯೇ ಒರಗಿದರು. ಕಾಡಿನಲ್ಲಿ ನಳನು ಅವಳ ಸೀರೆಯ ಅರ್ಧವನ್ನು ಕತ್ತರಿಸಿಕೊಂಡು ಹೊರಟುಹೋಗಿದ್ದಾನೆ. ಅವಳಿಗೆ ಇನ್ನೂ ಅರೆನಿದ್ದೆ. ಅವರ ಬಲಗೈ ಮಾತ್ರ ಪಕ್ಕದಲ್ಲಿ ಇರಬೇಕಾದವನನ್ನು ಅರಸುತ್ತಾ ಸರಿಯಿತು. ಕೈಗೆ ಬರಿಯ ನೆಲ ತಗುಲಿತು, ಬೆರಳುಗಳು ಅಲ್ಲಿಯೇ ನಿಂತವು; ಮುಖದಲ್ಲಿ ಮಾತ್ರ ನಿದ್ದೆಯ ನೆಮ್ಮದಿ ಹಾಗೆಯೇ ಇತ್ತು. ಕೈಗೆ ತಿಳಿದದ್ದು ಮುಖಕ್ಕೆ ತಿಳಿಯಲು ಅವರು ತೆಗೆದುಕೊಂಡ ಆ ಕ್ಷಣದಲ್ಲಿ, ಅರ್ಧ ಬಣ್ಣ ಅಳಿಸಿದ ಮುಖವನ್ನು ನೋಡುತ್ತಾ ನನ್ನ ಗಂಟಲು ಕಟ್ಟಿತು. ಎದ್ದು ಕುಳಿತು, "ಮಾಷ್ಟ್ರೇ, ನಾನು ಮೊದಲೇ ಅತ್ತರೆ ಸಭೆಗೆ ಅಳಲಿಕ್ಕೆ ಎಂತ ಉಳಿಯಿತು?" ಎಂದು ಹೇಳಿ ಮತ್ತೆ ಕೊಬ್ಬರಿಯೆಣ್ಣೆಗೆ ಕೈಹಾಕಿದರು.

ಈ ಕಣ್ಣಿನಿಂದ 1967ರ 'ಬೆಳ್ಳಿಮೋಡ'ವನ್ನು ನೋಡಿ. ತೋಟದ ಒಡತಿಯಾಗುವವಳೆಂದು ಇಂದಿರೆಯನ್ನು ಮೆಚ್ಚಿದ್ದ ಮೋಹನನು, ಅವಳಿಗೆ ತಮ್ಮನೊಬ್ಬ ಹುಟ್ಟಿ ಆಸ್ತಿ ಕೈತಪ್ಪಿದೊಡನೆ ಹಿಂದೆ ಸರಿಯುತ್ತಾನೆ. ಮುಂದೆ ಕಾಲು ಮುರಿದುಕೊಂಡ ಅವನನ್ನು ಅವಳೇ ಆರೈಕೆ ಮಾಡುತ್ತಾಳೆ; ಅವನು ಪಶ್ಚಾತ್ತಾಪಪಟ್ಟು ಬೇಡಿಕೊಂಡಾಗ ಒಲ್ಲೆನೆನ್ನುತ್ತಾಳೆ. ಆ ಒಲ್ಲೆನೆಂಬ ಮಾತಿಗೆ ತೂಕ ಬಂದಿರುವುದು, ಆರೈಕೆಯ ಉದ್ದಕ್ಕೂ ಇಂದಿರೆಯ ಪಾತ್ರದ ಕಲ್ಪನಾ ನುಂಗಿಕೊಂಡ ದುಃಖದಿಂದ. ಅದೇ ಕಲ್ಪನಾ 1971ರ 'ಶರಪಂಜರ'ದಲ್ಲಿ ಕೂಗುವುದಿಲ್ಲವೇ ಎಂದು ನೀವು ಕೇಳಬಹುದು. ಕೂಗುತ್ತಾರೆ, ಆದರೆ ಅದಕ್ಕೆ ಮೊದಲು ಎಷ್ಟೊಂದನ್ನು ತಡೆದುಕೊಂಡಿದ್ದಾರೆ! ವೇದಿಕೆಗಳಲ್ಲಿ ಅವರನ್ನು ಅನುಕರಿಸುವವರು ಕೂಗನ್ನಷ್ಟೇ ಕಲಿತು ತಡೆಯುವುದನ್ನು ಕಲಿಯದೆ ಹೋದರೆ ಅದು ಕಲ್ಪನಾ ಅವರ ತಪ್ಪಲ್ಲ.

ಮಲಯಾಳವೂ ನಮಗೆ ಮನೆಯ ಭಾಷೆಯೇ ಆಗಿರುವುದರಿಂದ, 1965ರ 'ಚೆಮ್ಮೀನ್' ಚಿತ್ರವನ್ನು ಬಿಡುವಂತಿಲ್ಲ. ಕಡಲ ತಡಿಯಲ್ಲಿ ಪರೀಕುಟ್ಟಿ ಹಾಡುವಾಗ ಕಂಠ ಮನ್ನಾ ಡೇ ಅವರದು. ಆ ಪಾತ್ರ ಮಾಡಿದ ಮಧು ಅವರ ಪಾಲಿಗೆ ಉಳಿದದ್ದು ಮುಖ ಮತ್ತು ಮೈ ಮಾತ್ರ, ಅಷ್ಟರಲ್ಲಿಯೇ ಅವರು ವಿರಹವನ್ನು ತುಂಬಿದ್ದಾರೆ.

ಸಮಯ ಮುಗಿಯುತ್ತಾ ಬಂದಿರುವುದರಿಂದ ಕೊನೆಯ ಉದಾಹರಣೆಯನ್ನು ಬೇಗ ಹೇಳಿಬಿಡುತ್ತೇನೆ. 1959ರ ಹಿಂದಿ ಚಿತ್ರ 'ಕಾಗಜ್ ಕೇ ಫೂಲ್'ನಲ್ಲಿ ಮೈಸೂರಿನ ಛಾಯಾಗ್ರಾಹಕ ವಿ. ಕೆ. ಮೂರ್ತಿಯವರು ಬಿಡಿಸಿದ ಬೆಳಕಿನ ಕೋಲಿನ ಬಳಿ ಗುರುದತ್ ಮತ್ತು ವಹೀದಾ ರೆಹಮಾನ್ ದೂರ ದೂರ ನಿಂತಿರುತ್ತಾರೆ. ಗೀತಾ ದತ್ ಅವರ ಹಾಡು ಹಿನ್ನೆಲೆಯಲ್ಲಿ ಕೇಳುತ್ತದೆ, ಇಬ್ಬರ ತುಟಿಗಳೂ ಅಲುಗುವುದಿಲ್ಲ. ಸಾಧ್ಯವಾದರೆ ಈ ವಾರ ಆ ಹಾಡನ್ನು ಒಮ್ಮೆ ಧ್ವನಿಯಿಲ್ಲದೆ ನೋಡಿ, ಕಣ್ಣುಗಳನ್ನು ಬಿಟ್ಟು ಭುಜಗಳನ್ನು ಗಮನಿಸಿ. ನಮಸ್ಕಾರ.