ಏರುದಾರಿಯಲ್ಲಿ ಬಯಲಾಗುವ ಪ್ಲಗ್

ಗೆಳೆಯರೇ, ಮೊದಲೇ ಒಂದು ಗೊಂದಲವನ್ನು ಕಳೆದುಬಿಡುತ್ತೇನೆ. ಡೀಸೆಲ್ ಎಂಜಿನ್‌ಗೆ ಸ್ಪಾರ್ಕ್ ಪ್ಲಗ್, ಅಂದರೆ ಕಿಡಿ ಹಾರಿಸಿ ಇಂಧನ ಹೊತ್ತಿಸುವ ಭಾಗ, ಇರುವುದಿಲ್ಲ. ಅಲ್ಲಿ ಗಾಳಿಯನ್ನು ಅದುಮಿದಾಗ ಹುಟ್ಟುವ ಕಾವಿಗೇ ಇಂಧನ ಹೊತ್ತಿಕೊಳ್ಳುತ್ತದೆ. ಅದರಲ್ಲಿ ಕಾಣುವ ಗ್ಲೋ ಪ್ಲಗ್ ಚಳಿಯಲ್ಲಿ ಎಂಜಿನ್ ಚಾಲೂ ಆಗಲು ಬಿಸಿ ಒದಗಿಸುತ್ತದೆ, ಕಿಡಿ ಹಾರಿಸುವುದಿಲ್ಲ. ನನ್ನ ಇಂದಿನ ಮಾತು ಪೆಟ್ರೋಲ್ ಅಥವಾ ಸಿಎನ್‌ಜಿಯಲ್ಲಿ ಓಡುವ ಪಿಕಪ್ ಮತ್ತು ಟ್ರಕ್‌ಗಳ ಬಗ್ಗೆ.

ಚಾಲಕರು ತರುವ ದೂರು ಹೆಚ್ಚುಕಡಿಮೆ ಒಂದೇ: "ನಿಂತಲ್ಲಿ ಚೆನ್ನಾಗಿ ಓಡುತ್ತದೆ, ಲೋಡ್ ಹಾಕಿ ಏರು ಹತ್ತಿಸಿದರೆ ಮಾತ್ರ ಮುಗ್ಗರಿಸುತ್ತದೆ." ಈ ಮಾತು ಕಿವಿಗೆ ಬಿದ್ದಾಗ ನಾನು ಇಂಧನದ ಪಂಪ್ ಬಿಚ್ಚುವ ಮೊದಲು ಪ್ಲಗ್ ನೋಡುತ್ತೇನೆ. ಕಾರಣವಿದೆ. ಸಿಲಿಂಡರಿನೊಳಗೆ ಒತ್ತಡ ಹೆಚ್ಚಿದಷ್ಟೂ ಕಿಡಿ ಹಾರಲು ಹೆಚ್ಚು ವೋಲ್ಟ್ ಬೇಕು. ಐಡ್ಲಿಂಗ್‌ನಲ್ಲಿ ಒಳಗೆ ಸೇರುವ ಗಾಳಿ ಕಡಿಮೆ, ಒತ್ತಡವೂ ಕಡಿಮೆ. ಸವೆದ ಪ್ಲಗ್ ಅಲ್ಲಿ ಹೇಗೋ ನಿಭಾಯಿಸಿಕೊಳ್ಳುತ್ತದೆ. ಆಕ್ಸಿಲರೇಟರ್ ಪೂರ್ತಿ ತುಳಿದು ಏರು ಹತ್ತುವಾಗ ಅದೇ ಗ್ಯಾಪ್ (ಪ್ಲಗ್ಗಿನ ಎರಡು ಎಲೆಕ್ಟ್ರೋಡ್ ತುದಿಗಳ ನಡುವೆ ಕಿಡಿ ಜಿಗಿಯುವ ಅಂತರ) ದಾಟಲು, ಪ್ಲಗ್ಗಿಗೆ ವೋಲ್ಟ್ ಒದಗಿಸುವ ಕಾಯಿಲ್‌ನ ಶಕ್ತಿ ಸಾಲದೆ ಹೋಗುತ್ತದೆ. ಕಿಡಿ ತಪ್ಪುತ್ತದೆ, ಉರಿಯದ ಇಂಧನ ಸೈಲೆನ್ಸರಿನ ದಾರಿ ಹಿಡಿದು ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನು ಸುಡುತ್ತದೆ. ಸಣ್ಣ ಪ್ಲಗ್ಗಿನ ಉದಾಸೀನ ದೊಡ್ಡ ಭಾಗವನ್ನು ನುಂಗುವುದು ಹೀಗೆ.

ಅದು ಎಷ್ಟು ದುಡಿಯುತ್ತದೆಂದು ಲೆಕ್ಕ ಹಾಕೋಣ. ನಾಲ್ಕು ಸ್ಟ್ರೋಕ್ ಎಂಜಿನ್ ನಿಮಿಷಕ್ಕೆ 2000 ಸುತ್ತು ತಿರುಗುವಾಗ ಒಂದು ಪ್ಲಗ್ 1000 ಸಲ ಕಿಡಿ ಹಾರಿಸುತ್ತದೆ. ಗಾಡಿ ಗಂಟೆಗೆ 80 ಕಿಲೋಮೀಟರ್ ಓಡುತ್ತಿದ್ದರೆ ಪ್ರತಿ ಕಿಲೋಮೀಟರಿಗೆ 750 ಕಿಡಿ. ಒಂದು ಲಕ್ಷ ಕಿಲೋಮೀಟರ್ ಮುಗಿಸುವಷ್ಟರಲ್ಲಿ ಏಳೂವರೆ ಕೋಟಿ. ಪ್ರತಿ ಕಿಡಿಯೂ ಎಲೆಕ್ಟ್ರೋಡಿನಿಂದ ಲೋಹದ ಕಣವೊಂದನ್ನು ಒಯ್ಯುತ್ತದೆ, ಗ್ಯಾಪ್ ದಿನದಿನಕ್ಕೆ ಅಗಲವಾಗುತ್ತದೆ.

ಹಾಗಾಗಿ ಲೋಹದ ಆಯ್ಕೆ ಮುಖ್ಯ. ನಿಕಲ್ 1455 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ, ಪ್ಲಾಟಿನಂ 1768ರಲ್ಲಿ, ಇರಿಡಿಯಂ 2446ರಲ್ಲಿ. ಇರಿಡಿಯಂ ತುದಿಯನ್ನು ಅರ್ಧ ಮಿಲಿಮೀಟರಿನ ಆಸುಪಾಸಿಗೆ ತೆಳುವಾಗಿಸಿದರೂ ಬೇಗ ಸವೆಯುವುದಿಲ್ಲ. ತೆಳುವಾದ ತುದಿಯಿಂದ ಕಿಡಿ ಸುಲಭವಾಗಿಯೂ ಹಾರುತ್ತದೆ. ಕೈಪಿಡಿ ಒಪ್ಪಿದರೆ ನಾನು ಇರಿಡಿಯಂ ಕಡೆಗೇ ವಾಲುತ್ತೇನೆ, ಏಕೆಂದರೆ ಹಿಂದಿನ ಸಿಲಿಂಡರುಗಳಿಗೆ ಕೈ ತೂರಿಸುವ ಪಾಡು ಪದೇ ಪದೇ ಬೇಡ. ಅಮೆರಿಕದ ಪಿಕಪ್ಪುಗಳಲ್ಲಿ ಬಂದ 5.7 ಲೀಟರಿನ ಹೆಮಿ ಎಂಜಿನ್‌ನಲ್ಲಿ ಎಂಟು ಸಿಲಿಂಡರಿಗೆ ಹದಿನಾರು ಪ್ಲಗ್‌ಗಳಿವೆ! ಹೊರಗಿನ ಎಲೆಕ್ಟ್ರೋಡಿಗೆ ಮೂರು ನಾಲ್ಕು ಕೊಂಬಿರುವ ಪ್ಲಗ್‌ಗಳಿಗೆ ಮರುಳಾಗಬೇಡಿ. ಒಂದು ಸಲಕ್ಕೆ ಕಿಡಿ ಹಾರುವುದು ಒಂದೇ ಕೊಂಬಿಗೆ.

ಲೋಹಕ್ಕಿಂತಲೂ ಎಚ್ಚರ ಬೇಕಾದದ್ದು ಹೀಟ್ ರೇಂಜ್. ಪ್ಲಗ್ ತನ್ನ ತುದಿಯ ಕಾವನ್ನು ಎಷ್ಟು ಬೇಗ ತಾನು ಕೂತ ಸಿಲಿಂಡರ್ ಹೆಡ್‌ಗೆ ದಾಟಿಸುತ್ತದೆ ಎಂಬುದರ ಅಳತೆ ಇದು. ಬೇಗ ದಾಟಿಸುವುದು ತಣ್ಣಗಿನ ಪ್ಲಗ್, ನಿಧಾನವಾಗಿ ದಾಟಿಸುವುದು ಬಿಸಿಯದು. ತುದಿ ಸುಮಾರು 450 ಡಿಗ್ರಿಗಿಂತ ತಣ್ಣಗಿದ್ದರೆ ಮಸಿ ಸುಟ್ಟುಹೋಗದೆ ಕಟ್ಟಿಕೊಳ್ಳುತ್ತದೆ. 850 ಡಿಗ್ರಿ ಮೀರಿದರೆ ಕಿಡಿಗೆ ಮೊದಲೇ ಮಿಶ್ರಣ ಹೊತ್ತಿಕೊಂಡು ಪಿಸ್ಟನ್ನಿಗೆ ತೂತು ಬೀಳುವವರೆಗೂ ಹೋಗಬಹುದು. ಇಲ್ಲಿ ಅನುಭವಿಗಳೂ ಎಡವುವ ಜಾಗವೊಂದಿದೆ: ಎನ್‌ಜಿಕೆ, ಡೆನ್ಸೊ ಪ್ಲಗ್‌ಗಳಲ್ಲಿ ಅಂಕಿ ದೊಡ್ಡದಾದಷ್ಟೂ ಪ್ಲಗ್ ತಣ್ಣಗಿನದು, ಬಾಷ್, ಚಾಂಪಿಯನ್‌ಗಳಲ್ಲಿ ಅಂಕಿ ದೊಡ್ಡದಾದಷ್ಟೂ ಬಿಸಿಯದು. ಒಂದು ಕಂಪನಿಯ ಅಂಕಿಯನ್ನು ಇನ್ನೊಂದರ ಪೆಟ್ಟಿಗೆಯಲ್ಲಿ ಹುಡುಕಬೇಡಿ. ಥ್ರೆಡ್ಡಿನ (ತಿರುಪಿನ ಸುತ್ತುಗಳ) ಉದ್ದವೂ ಸರಿಯಾಗಿ ಹೊಂದಬೇಕು. ಉದ್ದ ಹೆಚ್ಚಾದರೆ ಪಿಸ್ಟನ್ ಬಡಿಯಬಹುದು. ಸಿಎನ್‌ಜಿಯನ್ನು ಹೊತ್ತಿಸಲು ಪೆಟ್ರೋಲಿಗಿಂತ ಹೆಚ್ಚು ವೋಲ್ಟ್ ಬೇಕಾಗುವುದರಿಂದ ಅಲ್ಲಿ ಗ್ಯಾಪ್ ಸಾಮಾನ್ಯವಾಗಿ ಕಿರಿದು. ಆ ಎಂಜಿನ್ನಿನ ಕೈಪಿಡಿಯ ಅಳತೆಯನ್ನೇ ಹಿಡಿಯಿರಿ.

ಇನ್ನು ಬಿಚ್ಚುವ ಕೆಲಸ. ಎಂಜಿನ್ ತಣ್ಣಗಾಗಲಿ. ಅಲ್ಯೂಮಿನಿಯಂ ಉಕ್ಕಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಹಿಗ್ಗುತ್ತದೆ; ಬಿಸಿ ಹೆಡ್‌ನಲ್ಲಿ ಪ್ಲಗ್ ತಿರುಗಿಸಿದರೆ ಮೆತ್ತಗಾದ ಥ್ರೆಡ್ ಕಿತ್ತುಬರುವ ಭಯವಿದೆ. ಪ್ಲಗ್ ಕೂತ ಗುಳಿಯನ್ನು ಮೊದಲು ಗಾಳಿಯಿಂದ ಊದಿ, ಇಲ್ಲವಾದರೆ ಅಲ್ಲಿನ ಮರಳು ನೇರವಾಗಿ ಸಿಲಿಂಡರಿಗೆ ಬೀಳುತ್ತದೆ. ಬಿಗಿ ಎನಿಸಿದರೆ ಬಲ ಹಾಕಬೇಡಿ. 2004ರ ನಂತರದ ಕೆಲವು ವರ್ಷಗಳ ಫೋರ್ಡ್ ಎಫ್-150 ಪಿಕಪ್‌ನ 5.4 ಲೀಟರ್, ಮೂರು ವಾಲ್ವ್ ಎಂಜಿನ್ ಈ ಪಾಠವನ್ನು ಸಾವಿರಾರು ಮೆಕ್ಯಾನಿಕ್‌ಗಳಿಗೆ ಕಲಿಸಿತು. ಅದರ ಪ್ಲಗ್ ಎರಡು ತುಂಡು ಜೋಡಿಸಿದ್ದು. ಕೆಳಗಿನ ಉದ್ದನೆಯ ಕೊಳವೆಯ ಸುತ್ತ ಇಂಗಾಲ ಕಟ್ಟಿ ಹಿಡಿದುಕೊಂಡರೆ ಮೇಲಿನ ಭಾಗವಷ್ಟೇ ಕೈಗೆ ಬಂದು ಉಳಿದದ್ದು ಹೆಡ್‌ನೊಳಗೇ ಉಳಿಯುತ್ತಿತ್ತು. ದಾರಿ ತಾಳ್ಮೆಯದು: ಎಂಟನೆಯ ಒಂದು ಸುತ್ತಿನಷ್ಟು ಸಡಿಲಿಸಿ, ಕಾರ್ಬುರೇಟರ್ ಕ್ಲೀನರ್ ಸುರಿದು, ನೆನೆಯಲು ಬಿಟ್ಟು, ಹಿಂದಕ್ಕೂ ಮುಂದಕ್ಕೂ ಆಡಿಸುತ್ತ ಹೊರತರಬೇಕು. ಯಾವ ಎಂಜಿನ್‌ನಲ್ಲಿ ಪ್ಲಗ್ ಕಚ್ಚಿಕೊಂಡರೂ ನನ್ನ ಕೈ ಈ ಹಿಂದೆಮುಂದೆ ಆಟವನ್ನೇ ಆಡುತ್ತದೆ.

ಹೊರಬಂದ ಪ್ಲಗ್‌ಗಳನ್ನು ಸಿಲಿಂಡರಿನ ಕ್ರಮದಲ್ಲೇ ಬಟ್ಟೆಯ ಮೇಲೆ ಜೋಡಿಸಿಡಿ. ತಿಳಿ ಕಂದು ಅಥವಾ ಬೂದು ಬಣ್ಣವಿದ್ದರೆ ಆ ಸಿಲಿಂಡರ್ ಆರೋಗ್ಯವಾಗಿದೆ. ಒಣ ಕರಿ ಮಸಿ ಎಂದರೆ ಇಂಧನ ಹೆಚ್ಚಾಗಿದೆ, ಇಲ್ಲವೇ ಪ್ಲಗ್ ತೀರಾ ತಣ್ಣಗಿನದು. ಜಿಡ್ಡು ಕರಿ ಎಂದರೆ ಆಯಿಲ್ ಒಳಗೆ ಬರುತ್ತಿದೆ. ಬೆಳ್ಳಗೆ ಸುಟ್ಟು ಗುಳ್ಳೆ ಎದ್ದಿದ್ದರೆ ಹೊಸ ಪ್ಲಗ್ ಹಾಕುವ ಮೊದಲು ಅಷ್ಟು ಕಾವು ಏಕೆಂದು ಹುಡುಕಲೇಬೇಕು.

ಹೊಸ ಪ್ಲಗ್ಗಿನ ಗ್ಯಾಪ್ ಅಳೆಯದೆ ಹಾಕಬೇಡಿ. ಸಾಗಣೆಯಲ್ಲಿ ಒಂದು ಸಲ ಕೈಜಾರಿದರೂ ಸಾಕು, ಅಳತೆ ಕೆಡುತ್ತದೆ. ತಂತಿಯ ಗೇಜ್ ಬಳಸಿ, ಇರಿಡಿಯಂ ತುದಿಗೆ ಮೀಟುವ ಒತ್ತಡ ತಾಗಿಸಬೇಡಿ. ಮೊದಲ ಸುತ್ತುಗಳನ್ನು ರ್‍ಯಾಚೆಟ್ ಇಲ್ಲದೆ ಬೆರಳಿನಲ್ಲೇ ಹಾಕಿ. ಆಳದ ಗುಳಿಯಾದರೆ ರಬ್ಬರ್ ಕೊಳವೆಯ ತುಂಡಿಗೆ ಪ್ಲಗ್ ಸಿಕ್ಕಿಸಿ ತಿರುಗಿಸಿ. ಥ್ರೆಡ್ ಅಡ್ಡ ಬಿದ್ದರೆ ಕೊಳವೆಯೇ ಜಾರಿ ಎಚ್ಚರಿಸುತ್ತದೆ. ಕೊನೆಗೆ ಟಾರ್ಕ್ ರೆಂಚ್. 14 ಮಿಲಿಮೀಟರ್ ಥ್ರೆಡ್ಡಿನ, ಗ್ಯಾಸ್ಕೆಟ್ (ಸಂದು ಮುಚ್ಚುವ ಉಂಗುರ) ಇರುವ ಪ್ಲಗ್‌ಗೆ ಅಲ್ಯೂಮಿನಿಯಂ ಹೆಡ್‌ನಲ್ಲಿ ಸಾಮಾನ್ಯವಾಗಿ 25ರಿಂದ 30 ನ್ಯೂಟನ್ ಮೀಟರ್. ರೆಂಚ್ ಇಲ್ಲದಿದ್ದರೆ ಬೆರಳಿಗೆ ಬಿಗಿಯಾದ ಮೇಲೆ ಹೊಸ ಗ್ಯಾಸ್ಕೆಟ್‌ನ ಪ್ಲಗ್‌ಗೆ ಅರ್ಧದಿಂದ ಮೂರನೆಯ ಎರಡು ಸುತ್ತು. ಗ್ಯಾಸ್ಕೆಟ್ ಇಲ್ಲದೆ ಇಳಿಜಾರು ಅಂಚಿನ ಮೇಲೆ ಕೂರುವ ಪ್ಲಗ್ಗಿಗೆ ಹದಿನಾರನೆಯ ಒಂದು ಸುತ್ತು ಸಾಕು. ಥ್ರೆಡ್ಡಿಗೆ ಗ್ರೀಸ್ ಬಳಿದು ಅದೇ ಟಾರ್ಕ್ ಕೊಟ್ಟರೆ ಜಾರಿಕೆಯಿಂದಾಗಿ ಬಿಗಿ ಅತಿಯಾಗುತ್ತದೆ. ಪ್ಲಗ್ ತಯಾರಕರು ಬೇಡವೆಂದಿದ್ದರೆ ಬಳಿಯಲೇಬೇಡಿ.

ಹಳೆಯ ಪ್ಲಗ್‌ಗಳನ್ನು ಆ ದಿನವೇ ಎಸೆಯಬೇಡಿ. ಗಾಡಿಗೆ ಲೋಡ್ ಹಾಕಿ, ಏರು ಹತ್ತಿಸಿ ನೋಡಿ. ಇನ್ನೂ ಮುಗ್ಗರಿಸಿದರೆ, ತಪ್ಪುತ್ತಿರುವ ಸಿಲಿಂಡರಿನ ಪ್ಲಗ್ಗನ್ನು ಪಕ್ಕದ ಸಿಲಿಂಡರಿನದರೊಂದಿಗೆ ಅದಲುಬದಲು ಮಾಡಿ. ದೋಷ ಪ್ಲಗ್ಗಿನ ಜೊತೆಗೇ ಹೋದರೆ ಹೊಸದೇ ಕೆಟ್ಟಿದೆ. ಅಲ್ಲೇ ಉಳಿದರೆ ಮುಂದೆ ನೋಡಬೇಕಾದದ್ದು ಕಾಯಿಲ್, ಆಮೇಲೆ ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗೆ ಅದುಮುವ ಒತ್ತಡ.