ಮೂರು ದಿನದ ಟ್ಯೂಬು

ನಮ್ಮ ಚಿಕ್ಕಮ್ಮ ಶಿಡ್ಲಘಟ್ಟದಲ್ಲಿ ರೇಷ್ಮೆ ಬಿಚ್ಚೋ ಕೆಲಸಕ್ಕೆ ಹೋಗ್ತಾರೆ. ಬೆಳಗ್ಗೆಯಿಂದ ಬಿಸಿನೀರಲ್ಲೇ ಕೈ, ಗೂಡಿನ ಎಳೆ ಹುಡುಕಿ ಹುಡುಕಿ ಬೆರಳ ಸಂದಿಯೆಲ್ಲಾ ಬೆಳ್ಳಗೆ ನೆಂದು ಬಿರುಕು ಬಿಟ್ಟಿರುತ್ತೆ, ಆ ಆವಿಗೆ ಸೀರೆ ಬೇರೆ ಒದ್ದೆ, ಲಂಗದ ಲಾಡಿ ಕಟ್ಟೋ ಜಾಗದಲ್ಲಿ ಸೊಂಟದ ಸುತ್ತ ಹುಳಕಡ್ಡಿ. ಮನೆಗೆ ಬಂದ್ರೆ ಸತ್ತ ಹುಳದ ವಾಸನೆ ಹೋಗ್ಲಿ ಅಂತ ಕೀಟಾಣು ಸಾಯಿಸೋ ಸೋಪಲ್ಲಿ ಉಜ್ಜಿದ್ದೇ ಉಜ್ಜಿದ್ದು. ಆ ಸೋಪು ತಂದುಕೊಡ್ತಿದ್ದೋನು ನಾನೇ, ಮೊದ್ಲೇ ಒಪ್ಕೊಂಡ್ಬಿಡ್ತೀನಿ.

ಚರ್ಮನ ನಾವು ಬಚ್ಚಲುಕಲ್ಲಿನ ಥರ ಉಜ್ತೀವಿ ಕಣ್ರೀ. ಚರ್ಮದ ಮೇಲೆ ಬ್ಯಾಕ್ಟೀರಿಯಾ, ಫಂಗಸ್ ಎಲ್ಲಾ ಸಂಸಾರ ಹೂಡಿರ್ತವೆ, ಮುಖದ ಜಿಡ್ಡಿಗೆ ಒಂದು ಜಾತಿ, ಕಂಕುಳಿಗೆ ಇನ್ನೊಂದು. ಅಂದಂಗೆ ಆಗಷ್ಟೇ ಬಂದ ಬೆವರು ನಾರಲ್ಲ, ಅದನ್ನ ತಿಂದು ನಾತ ಎಬ್ಬಿಸೋದು ಈ ಕಂಕುಳದೋರೇ. ಚರ್ಮದ ಪಿಎಚ್ ಸುಮಾರು 5, ಅಂದ್ರೆ ಸ್ವಲ್ಪ ಹುಳಿ. ಆ ಹುಳೀಲಿ ಸ್ಟ್ಯಾಫಿಲೋಕಾಕಸ್ ಎಪಿಡರ್ಮಿಡಿಸ್ ಅನ್ನೋ ಬ್ಯಾಕ್ಟೀರಿಯಾ ಹಾಯಾಗಿರುತ್ತೆ, ಅದರಲ್ಲಿ ಕೆಲವು ತಳಿಗಳಂತೂ ಸೋಂಕು ತರೋ ದಾಯಾದಿ ಆರಿಯಸ್‌ನ ಹತ್ರ ಸೇರ್ಸಲ್ಲ. ಮಾಮೂಲಿ ಸೋಪಿನ ಪಿಎಚ್ 9, 10, ಅಂದ್ರೆ ಹುಳಿಗೆ ಉಲ್ಟಾ, ಕ್ಷಾರ. ಒಂದು ಸಲ ತೊಳೆದ್ರೆ ಚರ್ಮ ಸುಧಾರಿಸ್ಕೊಳ್ಳುತ್ತೆ, ಆದ್ರೆ ಬಿರುಕು ಬಿಟ್ಟ ಕೈನ ಆರಾರು ಸಲ ಉಜ್ಜಿದ್ರೆ ಆರಿಯಸ್‌ಗೆ ಬಾಗಿಲು ತೆಗೆದು ಮಣೆ ಹಾಕ್ದಂಗೆ. ಇಸುಬು ಇರೋರ ಮೈಮೇಲೆ ಜಾಸ್ತಿ ಸಿಗೋದೂ ಅದೇ. ಕೀಟಾಣು ಸಾಯಿಸೋ ಸೋಪಿನ ವಿಷ್ಯ ಬಂದ್ರೆ, 2016ರಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಟ್ರೈಕ್ಲೋಸಾನ್ ಸೇರಿ 19 ರಾಸಾಯನಿಕಗಳ್ನ ಅಂಥ ಸೋಪುಗಳಿಂದ ತೆಗೆಸ್ತು, ಸಾದಾ ಸೋಪಿಗಿಂತ ಮೇಲು ಅಂತ ಕಂಪನಿಗಳು ತೋರ್ಸೋಕಾಗ್ಲಿಲ್ಲ.

ಸರಿ, ಸೋಪು ಬಿಡಿ, ನನ್ನ ಸಿಟ್ಟೆಲ್ಲಾ ಚಿಕ್ಕಮ್ಮ ಹುಳಕಡ್ಡಿಗೆ ಹಚ್ತಿದ್ದ ಆ ಕ್ರೀಮ್ ಟ್ಯೂಬಿನ ಮೇಲೆ. ಮೆಡಿಕಲ್ ಸ್ಟೋರಲ್ಲಿ ಕೆರೆತ ಅಂದ್ರೆ ಸಾಕು, ಕೈಗೆ ಬರುತ್ತೆ. ಒಳಗೆ ಮೂರು ಔಷಧಿ, ಫಂಗಸ್‌ಗೊಂದು, ಬ್ಯಾಕ್ಟೀರಿಯಾಕ್ಕೊಂದು, ಜೊತೆಗೆ ಸ್ಟೀರಾಯ್ಡು. ಮೂರೇ ದಿನಕ್ಕೆ ಕೆರೆತ ನಿಲ್ಲುತ್ತೆ, ಯಾಕಂದ್ರೆ ಸ್ಟೀರಾಯ್ಡು ಮೈಯಿನ ಪ್ರತಿರೋಧಾನೇ ಮಲಗಿಸಿರುತ್ತೆ. ಹುಳಕಡ್ಡಿ ಮಾಡೋದು ಫಂಗಸ್ಸು, ಅದಕ್ಕೆ ಹಬ್ಬ. ಆಂಟಿಬಯಾಟಿಕ್ಕು ಪಾಪ ಏನೂ ಮಾಡದ ಬ್ಯಾಕ್ಟೀರಿಯಾಗಳ್ನ ಕೊಂದಿರುತ್ತೆ. ಚಿಕ್ಕಮ್ಮಂಗೆ ಸೊಂಟದಲ್ಲಿ ಬಳೆಯಷ್ಟಿದ್ದಿದ್ದು ತೊಡೆಗೆ ಇಳೀತು. ಈಗ ಟ್ರೈಕೋಫೈಟನ್ ಇಂಡೋಟಿನಿಯೇ ಅಂತ ಒಂದು ಫಂಗಸ್ಸಿದೆ, ಹೆಸರಲ್ಲೇ ಇಂಡಿಯಾ, ಫಂಗಸ್ ಸಾಯಿಸೋ ಟರ್ಬಿನಾಫಿನ್ ಮಾತ್ರೆಗೂ ಎಷ್ಟೋ ಸಲ ಬಗ್ಗಲ್ಲ. 2018ರಲ್ಲೇ ಕೇಂದ್ರ ಸರ್ಕಾರ 14 ಸ್ಟೀರಾಯ್ಡ್ ಕ್ರೀಮುಗಳಿಗೆ ಡಾಕ್ಟ್ರ ಚೀಟಿ ಬೇಕೇ ಬೇಕು ಅಂತ ಮಾಡ್ತು. ಚಿಕ್ಕಮ್ಮನ್ನ ಯಾರೂ ಚೀಟಿ ಕೇಳ್ಲಿಲ್ಲ.

ಕೊನೆಗೆ ಚರ್ಮದ ಡಾಕ್ಟ್ರ ಹತ್ರ ಕರ್ಕೊಂಡು ಹೋದೆ. ಅವರು ಕೇಳಿದ ಮೊದಲ ಮಾತು, "ಅಮ್ಮ, ಟ್ಯೂಬ್ ಎಲ್ಲಿ?" ಚಿಕ್ಕಮ್ಮ ಸೆರಗಿನ ಗಂಟಿಂದ ತೆಗೆದ್ರು, ಲಟ್ಟಣಿಗೆಯಲ್ಲಿ ಒತ್ತಿ ಒತ್ತಿ ಕಾಗದದಂಗೆ ಆಗಿತ್ತು. ವಾಸಿಯಾಗೋಕೆ ತಿಂಗಳುಗಟ್ಲೆ ಹಿಡೀತು, ಮಾತ್ರೆ, ಒಣಗಿದ ಕಾಟನ್ ಬಟ್ಟೆ, ಲಾಡಿ ಸಡಿಲ. ಮೊನ್ನೆ ಪಕ್ಕದ ಮನೆಯೋರು ಬಂದು "ಅಕ್ಕಾ, ಆ ಟ್ಯೂಬಿನ ಹೆಸರೇನು" ಅಂದ್ರು. ಚಿಕ್ಕಮ್ಮ ಡಾಕ್ಟ್ರ ಹೆಸರು ಹೇಳಿ ಕಳಿಸಿದ್ರು.